ಮಡಚಿದ ವಾಕ್ಯವನ್ನು ಬಿಚ್ಚುವ ಬಗೆ

ಎದುರು ಮನೆಯ ಹುಡುಗಿಗೆ ಈ ವರ್ಷ ಹತ್ತನೇ ತರಗತಿ. ಸಂಜೆ ಆರರ ಹೊತ್ತಿಗೆ ಇಂಗ್ಲಿಷ್ ವರ್ಕ್‌ಬುಕ್ ಹಿಡಿದು ನಮ್ಮ ಜಗಲಿಗೆ ಬಂದು ಕೂರುತ್ತಾಳೆ. ಕಳೆದ ವಾರ ಬಂದವಳ ಮುಖದಲ್ಲಿ ಸಿಟ್ಟಿತ್ತು. ಪುಸ್ತಕದಲ್ಲಿದ್ದ ವಾಕ್ಯ ಚಿಕ್ಕದು: ‘ಹಿ ಕನ್‌ಫೆಸ್ಡ್ ಹಿಸ್ ಗಿಲ್ಟ್’. ಅವನು ತನ್ನ ತಪ್ಪು ಒಪ್ಪಿಕೊಂಡ. ಇದರಲ್ಲಿರುವ ‘ಹಿಸ್ ಗಿಲ್ಟ್’ ಎಂಬ ಫ್ರೇಜನ್ನು ನೌನ್ ಕ್ಲಾಜ್ ಮಾಡಿ ಬರೆಯಿರಿ ಎಂದಿತ್ತು ಪ್ರಶ್ನೆ. ‘ಹಿ ಕನ್‌ಫೆಸ್ಡ್ ದಟ್ ಹಿ ವಾಸ್ ಗಿಲ್ಟಿ’ ಎಂಬ ಉತ್ತರವನ್ನು ಗೈಡ್ ನೋಡಿ ಆಗಲೇ ಇಳಿಸಿಕೊಂಡಿದ್ದಳು. ಹಾಗಾದರೆ ಸಿಟ್ಟೇಕೆ? ‘ಅಂಕಲ್, ನಾಕು ಪದದಲ್ಲಿ ಚೆನ್ನಾಗೇ ಇತ್ತು. ಅದನ್ನ ಎಳೆದು ಆರು ಪದ ಯಾಕೆ ಮಾಡ್ಬೇಕು?’

ನ್ಯಾಯವಾದ ಪ್ರಶ್ನೆ. ‘ಪರೀಕ್ಷೆಗೆ ಬರುತ್ತೆ, ಮಾಡು’ ಎಂಬುದು ಇದಕ್ಕೆ ನಾವೆಲ್ಲ ಕೇಳಿಕೊಂಡು ಬಂದ ಉತ್ತರ. 19ನೇ ಶತಮಾನದ ಕೊನೆಗೆ ನೆಸ್‌ಫೀಲ್ಡ್ ಬರೆದ ಗ್ರಾಮರ್ ಪುಸ್ತಕಗಳು, 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ, ಇವೆರಡೂ ಭಾರತದ ಶಾಲೆಗಳಿಗೆ ಒಂದು ಅಭ್ಯಾಸವನ್ನು ಬಿಟ್ಟುಹೋದವು. ವಾಕ್ಯವನ್ನು ಸಿಂಪಲ್‌ನಿಂದ ಕಾಂಪ್ಲೆಕ್ಸ್‌ಗೆ, ಕಾಂಪ್ಲೆಕ್ಸ್‌ನಿಂದ ಸಿಂಪಲ್‌ಗೆ ತಿರುಗಿಸಿ ತಿರುಗಿಸಿ ಬರೆಸುವ ಅಭ್ಯಾಸ ಅದು. ಆ ಪಿ.ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದವರು. ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು. ಅವರ ಹೆಸರು ಕೇಳಿದರೆ ಕಾದಂಬರಿ ನೆನಪಾಗುವವರು ನಮ್ಮಲ್ಲಿ ಕಡಿಮೆ, ಕೆಂಪು ರಟ್ಟಿನ ಗ್ರಾಮರ್ ಪುಸ್ತಕ ನೆನಪಾಗುವವರೇ ಹೆಚ್ಚು.

ಅಭ್ಯಾಸ ಉಳಿಯಿತು, ಅದರ ಉದ್ದೇಶ ಮರೆಯಾಯಿತು. ಫ್ರೇಜನ್ನು ಕ್ಲಾಜ್ ಮಾಡುವುದೆಂದರೆ ವಾಕ್ಯವನ್ನು ಎಳೆದು ಉದ್ದ ಮಾಡುವುದಲ್ಲ, ಮಡಚಿಟ್ಟದ್ದನ್ನು ಬಿಚ್ಚಿ ನೋಡುವುದು. ಈ ಕೆಲಸಕ್ಕೆ ಬೇಕಾದ ತಿಳಿವಳಿಕೆ ಕನ್ನಡದ ಮಗುವಿನ ಹತ್ತಿರ ಮೊದಲೇ ಇದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ.

ಯಾರು, ಯಾವಾಗ

ಮೊದಲು ಹೆಸರುಗಳ ಗೊಂದಲ ತೀರಿಸಿಕೊಳ್ಳೋಣ. ಮೇಷ್ಟ್ರು ‘ಕ್ಲಾಜ್’ ಅಂದದ್ದು ಹಿಂದಿನ ಬೆಂಚಿಗೆ ‘ಕ್ಲಾಸ್’ ಎಂದೇ ಕೇಳಿಸುತ್ತದೆ. ಕನ್ನಡದಲ್ಲಿ ಫ್ರೇಜನ್ನು ಪದಪುಂಜ ಎನ್ನಬಹುದು, ಕ್ಲಾಜನ್ನು ಉಪವಾಕ್ಯ. ಹೆಸರು ಯಾವುದಾದರೂ ಇರಲಿ, ವ್ಯತ್ಯಾಸ ಒಂದೇ. ಉಪವಾಕ್ಯದಲ್ಲಿ ಒಬ್ಬ ಕರ್ತೃ ಇರುತ್ತಾನೆ, ಕಾಲವನ್ನು ಹೇಳುವ ಪೂರ್ಣ ಕ್ರಿಯಾಪದವೂ ಇರುತ್ತದೆ. ಪದಪುಂಜದಲ್ಲಿ ಈ ಜೋಡಿ ಇರುವುದಿಲ್ಲ.

‘ಬಂದನು’ ಎನ್ನಿ. ಬಂದವನು ಗಂಡಸು, ಒಬ್ಬನೇ, ನಾನೂ ಅಲ್ಲ ನೀನೂ ಅಲ್ಲ, ಬಂದದ್ದು ಆಗಿಹೋಗಿದೆ: ಇಷ್ಟೂ ಆ ಒಂದು ಪದದಲ್ಲಿದೆ. ‘ಬರುವಿಕೆ’ ಎನ್ನಿ. ಯಾರ ಬರುವಿಕೆ, ಎಂದಿನದು, ಒಂದೂ ತಿಳಿಯದು. ಕೆಲಸದ ಹೆಸರು ಮಾತ್ರ ಉಳಿದಿದೆ. ‘ಹಿಸ್ ಗಿಲ್ಟ್’ ಎಂಬುದೂ ಇಂಥದ್ದೇ ಮಡಿಕೆ. ಅದನ್ನು ನಿಧಾನವಾಗಿ ಬಿಚ್ಚೋಣ.

ತಪ್ಪು ಯಾರದು? ‘ಹಿಸ್’, ಅಂದರೆ ಅವನದು. ಬಿಚ್ಚಿದಾಗ ಆ ‘ಅವನ’ ಎಂಬುದು ‘ಅವನು’ ಆಗುತ್ತದೆ, ಹಿಸ್ ಹೋಗಿ ಹಿ ಬರುತ್ತದೆ. ಕನ್ನಡದಲ್ಲೂ ಹೀಗೆಯೇ: ‘ಅವನ ಬರುವಿಕೆ’ಯನ್ನು ಬಿಚ್ಚಿದರೆ ‘ಅವನು ಬರುತ್ತಾನೆ’. ಎರಡನೆಯದು, ಎಂದಿನ ಮಾತು? ಒಪ್ಪಿಕೊಂಡದ್ದು ನಿನ್ನೆ ಮೊನ್ನೆಯ ಸಂಗತಿ, ‘ಕನ್‌ಫೆಸ್ಡ್’ ಎಂದಿದೆ. ಹಾಗಾಗಿ ‘ಈಸ್’ ಸಲ್ಲದು, ‘ವಾಸ್’ ಬೇಕು. ಕ್ರಿಯಾಪದ ಬಂದ ಮೇಲೆ ‘ಗಿಲ್ಟ್’ ಎಂಬ ನಾಮಪದಕ್ಕೆ ಅಲ್ಲಿ ಜಾಗವಿಲ್ಲ, ಅದು ‘ಗಿಲ್ಟಿ’ ಎಂಬ ಗುಣವಾಚಕವಾಗುತ್ತದೆ. ಮೂರನೆಯದು, ಈ ಪುಟ್ಟ ವಾಕ್ಯವನ್ನು ದೊಡ್ಡದಕ್ಕೆ ಸಿಕ್ಕಿಸಲು ಒಂದು ಕೊಕ್ಕೆ: ‘ದಟ್’. ಕನ್ನಡದಲ್ಲಿ ಅದೇ ಕೆಲಸವನ್ನು ‘ಎಂದು’ ಮಾಡುತ್ತದೆ, ಆಡುಮಾತಿನಲ್ಲಿ ‘ಅಂತ’. ‘ತಾನು ತಪ್ಪಿತಸ್ಥ ಅಂತ ಒಪ್ಪಿಕೊಂಡ.’ ನಮ್ಮ ಕೊಕ್ಕೆ ಉಪವಾಕ್ಯದ ಬಾಲದಲ್ಲಿದೆ, ಅವರದು ತಲೆಯಲ್ಲಿ.

ಯಾರು, ಯಾವಾಗ, ಯಾವ ಕೊಕ್ಕೆ. ವಿದ್ಯೆ ಇಷ್ಟೇ, ಉಳಿದದ್ದೆಲ್ಲ ಅಭ್ಯಾಸ.

ಮೂರು ಗಾದೆ, ಮೂರು ಕೆಲಸ

ನೌನ್, ಅಡ್ಜೆಕ್ಟಿವ್, ಅಡ್ವರ್ಬ್ ಎಂದು ಮೂರು ಬಗೆಯ ಕ್ಲಾಜ್ ಏಕೆ? ವಾಕ್ಯದಲ್ಲಿ ಇಂಥ ತುಂಡುಗಳಿಗೆ ಸಿಗುವ ಉದ್ಯೋಗ ಮೂರೇ ಆದ್ದರಿಂದ. ಹೆಸರಿನ ಜಾಗದಲ್ಲಿ ಕೂರುವುದು ಒಂದು, ಹೆಸರನ್ನು ಬಣ್ಣಿಸುವುದು ಇನ್ನೊಂದು, ಕೆಲಸ ನಡೆದ ಹೊತ್ತು, ಜಾಗ, ಕಾರಣ, ಷರತ್ತು ಹೇಳುವುದು ಮತ್ತೊಂದು. ಇದನ್ನು ತಿಳಿಯಲು ಇಂಗ್ಲಿಷ್ ಬೇಕಿಲ್ಲ, ಅಜ್ಜಿಯ ಬಾಯಲ್ಲಿದ್ದ ಮೂರು ಗಾದೆ ಸಾಕು.

‘ಮಾಡಿದ್ದುಣ್ಣೋ ಮಹಾರಾಯ.’ ಏನನ್ನು ಉಣ್ಣಬೇಕು? ಮಾಡಿದ್ದನ್ನು. ‘ಏನು’ ಎಂಬ ಪ್ರಶ್ನೆಗೆ ಉತ್ತರವಾಗಿ ನಿಂತದ್ದು ನಾಮ. ಇಂಗ್ಲಿಷಿನಲ್ಲಿ ಇದು ‘ವಾಟ್ ಯು ಹ್ಯಾವ್ ಡನ್’ ಎಂಬ ನೌನ್ ಕ್ಲಾಜ್ ಆಗುತ್ತದೆ.

‘ಬೊಗಳುವ ನಾಯಿ ಕಚ್ಚುವುದಿಲ್ಲ.’ ಎಂಥ ನಾಯಿ? ಬೊಗಳುವ ನಾಯಿ. ‘ಯಾವ, ಎಂಥ’ ಎಂಬುದಕ್ಕೆ ಉತ್ತರವಾದದ್ದು ವಿಶೇಷಣ. ‘ಎ ಬಾರ್ಕಿಂಗ್ ಡಾಗ್’ ಎಂದು ಮಡಚಿ ಹೇಳಬಹುದು, ‘ಎ ಡಾಗ್ ದಟ್ ಬಾರ್ಕ್ಸ್’ ಎಂದು ಬಿಚ್ಚಿಯೂ ಹೇಳಬಹುದು.

‘ಕೈ ಕೆಸರಾದರೆ ಬಾಯಿ ಮೊಸರು.’ ಯಾವಾಗ ಮೊಸರು? ಯಾವ ಷರತ್ತಿಗೆ? ಕೈ ಕೆಸರಾದರೆ. ಇದು ಕ್ರಿಯಾವಿಶೇಷಣದ ಕೆಲಸ. ಇಂಗ್ಲಿಷಿನಲ್ಲಿ ‘ಇಫ್’ ಎಂಬ ಕೊಕ್ಕೆ ಹಾಕಿಕೊಂಡು ಬರುವ ಅಡ್ವರ್ಬ್ ಕ್ಲಾಜ್.

ಹತ್ತನೇ ತರಗತಿಯ ಹುಡುಗಿ ಇದನ್ನು ಬೇರೆ ಹೆಸರಿನಲ್ಲಿ ಕನ್ನಡದ ಪೀರಿಯಡ್ಡಿನಲ್ಲಿ ಓದಿಯೂ ಇರುತ್ತಾಳೆ. ಧಾತುವಿಗೆ ಪ್ರತ್ಯಯ ಸೇರಿ ಆಗುವ ಕೃದಂತಗಳಲ್ಲಿ ನಮ್ಮ ಶಾಲಾ ವ್ಯಾಕರಣ ಮೂರು ಬಗೆ ಹೇಳುತ್ತದೆ. ಓಟ, ನೋಟ, ಮಾಡುವಿಕೆ ಎಂಬಂಥವು ಕೃದಂತ ಭಾವನಾಮ. ಮಾಡಿದ, ಮಾಡುವ, ಮಾಡದ ಎಂಬಂಥವು ಕೃದಂತನಾಮ. ಮಾಡಿ, ಮಾಡುತ್ತಾ, ಮಾಡಲು, ಮಾಡಿದರೆ ಎಂಬಂಥವು ಕೃದಂತಾವ್ಯಯ. ಮೊದಲನೆಯದು ಹೆಸರಿನ ಕೆಲಸ, ಎರಡನೆಯದು ಬಣ್ಣಿಸುವ ಕೆಲಸ, ಮೂರನೆಯದು ಕ್ರಿಯೆಗೆ ಅಂಟುವ ಕೆಲಸ. ಕನ್ನಡದ ಪಾಠದಲ್ಲಿ ಕೃದಂತ, ಇಂಗ್ಲಿಷಿನ ಪಾಠದಲ್ಲಿ ಕ್ಲಾಜ್. ಒಂದೇ ಬ್ಯಾಗಿನಲ್ಲಿರುವ ಎರಡು ಪುಸ್ತಕಗಳಿಗೆ ಪರಸ್ಪರ ಪರಿಚಯವೇ ಇಲ್ಲ.

ಹಾಗೆಂದು ಎರಡು ಭಾಷೆಗಳೂ ಒಂದೇ ಎಂದಲ್ಲ. ಕನ್ನಡಕ್ಕೆ ಮಡಚುವುದು ಇಷ್ಟ. ಒಂದು ವಾಕ್ಯಕ್ಕೆ ಕೊನೆಯಲ್ಲಿ ಒಂದು ಪೂರ್ಣ ಕ್ರಿಯಾಪದ ಕೊಟ್ಟು ಉಳಿದ ಕ್ರಿಯೆಗಳನ್ನೆಲ್ಲ ಕೃದಂತ ಮಾಡಿ ಅದರ ಹಿಂದೆ ಪೇರಿಸುತ್ತೇವೆ: ‘ಬೆಳಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ಸು ಹಿಡಿದು ಶಾಲೆಗೆ ಹೋದಳು.’ ಇಂಗ್ಲಿಷ್ ಎರಡೂ ಮಾಡುತ್ತದೆ, ಆದರೆ ಬಿಚ್ಚಿ ಹೇಳುವುದಕ್ಕೆ ಅಲ್ಲಿ ಹೆಚ್ಚು ಅವಕಾಶ. ಕನ್ನಡ ಕಲಿಯಲು ಬಂದ ಮಿಷನರಿಗಳಿಗೆ ಎದುರಾದದ್ದು ನಮ್ಮ ಹುಡುಗಿಯ ಕಷ್ಟದ ತಿರುಗುಮುರುಗು. ‘ಹೂ ಕೇಮ್’ ಎಂಬಷ್ಟನ್ನೂ ‘ಬಂದ’ ಎಂಬ ಒಂದೇ ಪದಕ್ಕೆ ಮಡಚುವುದು ಅವರಿಗೆ ಹೊಸದು. ಇಂಗ್ಲಿಷಿನಲ್ಲಿ ಹೂ, ವಿಚ್ ಮಾಡುವ ಕೆಲಸವನ್ನು ಇಲ್ಲಿ ಈ ರೂಪವೇ ಮಾಡುವುದನ್ನು ಕಂಡು ಅದಕ್ಕೆ ‘ರಿಲೇಟಿವ್ ಪಾರ್ಟಿಸಿಪಲ್’ ಎಂದು ಹೆಸರಿಟ್ಟರು. ಆ ಮಿಷನರಿಗಳಲ್ಲಿ ಒಬ್ಬರಾದ ಕಿಟೆಲ್ 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲೂ ಅದೇ ಹೆಸರಿದೆ. ಕಿಟೆಲ್ ಮಡಚುವುದನ್ನು ಕಲಿತರು, ನಮ್ಮ ಹುಡುಗಿ ಬಿಚ್ಚುವುದನ್ನು ಕಲಿಯಬೇಕು.

‘ಏನು’ ಎಂದು ಕೇಳಿದಾಗ

ನೌನ್ ಕ್ಲಾಜಿನಲ್ಲಿ ಹೆಚ್ಚು ಎಡವುವುದು ಪ್ರಶ್ನೆಯಂತೆ ಕಾಣುವ ತುಂಡುಗಳಲ್ಲಿ. ‘ಟೆಲ್ ಮಿ ಯುವರ್ ಏಜ್’ ಎಂಬಲ್ಲಿ ‘ಯುವರ್ ಏಜ್’ ಒಂದು ಮಡಿಕೆ. ಬಿಚ್ಚಿದರೆ ‘ನಿನಗೆ ಎಷ್ಟು ವಯಸ್ಸು ಅಂತ ಹೇಳು’. ‘ಟೆಲ್ ಮಿ ಹೌ ಓಲ್ಡ್ ಯು ಆರ್.’ ಇಲ್ಲಿ ಹತ್ತರಲ್ಲಿ ಎಂಟು ಮಂದಿ ‘ಹೌ ಓಲ್ಡ್ ಆರ್ ಯು’ ಎಂದು ಬರೆದುಬಿಡುತ್ತಾರೆ ಎಂದರೆ ಯಾವ ಇಂಗ್ಲಿಷ್ ಮೇಷ್ಟ್ರೂ ಇಲ್ಲ ಎನ್ನಲಾರರು. ಕಾರಣ ನಮ್ಮ ಭಾಷೆಯಲ್ಲಿದೆ. ಕನ್ನಡದಲ್ಲಿ ‘ನಿನಗೆ ಎಷ್ಟು ವಯಸ್ಸು?’ ಎಂಬ ನೇರ ಪ್ರಶ್ನೆಗೂ ‘ನಿನಗೆ ಎಷ್ಟು ವಯಸ್ಸು ಅಂತ ಹೇಳು’ ಎಂಬುದಕ್ಕೂ ಪದಗಳ ಸಾಲು ಬದಲಾಗುವುದಿಲ್ಲ, ಕೊನೆಗೊಂದು ‘ಅಂತ’ ಸೇರಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ನೇರ ಪ್ರಶ್ನೆಗೆ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದ ಕೂಡಲೇ ಜಿಗಿತ ನಿಂತು ಕರ್ತೃ ಮೊದಲು, ಕ್ರಿಯಾಪದ ಆಮೇಲೆ ಎಂಬ ಮಾಮೂಲಿ ಸಾಲಿಗೆ ಮರಳುತ್ತದೆ. ‘ಟೆಲ್ ಮಿ ಹಿಸ್ ಅಡ್ರೆಸ್’ ಎಂಬುದು ‘ಟೆಲ್ ಮಿ ವೇರ್ ಹಿ ಲಿವ್ಸ್’ ಆಗಬೇಕೇ ಹೊರತು ‘ವೇರ್ ಡಸ್ ಹಿ ಲಿವ್’ ಆಗಬಾರದು.

ಇನ್ನೊಂದು ಕಷ್ಟ ಕಾಲದ್ದು. ಇಂಗ್ಲಿಷಿನ ‘ಟು’ ಎಂಬ ಪುಟ್ಟ ಪದದೊಳಗೆ ಕಾಲ ಅಡಗಿ ಕೂತಿರುತ್ತದೆ. ‘ಹಿ ಹೋಪ್ಸ್ ಟು ವಿನ್’: ಗೆಲ್ಲುವ ಆಸೆ ಇಟ್ಟುಕೊಂಡಿದ್ದಾನೆ. ಗೆಲುವು ಇನ್ನೂ ಮುಂದಿದೆ, ಹಾಗಾಗಿ ‘ದಟ್ ಹಿ ವಿಲ್ ವಿನ್’. ‘ಹಿ ಸೀಮ್ಸ್ ಟು ಬಿ ಇಲ್’: ಕಾಯಿಲೆ ಬಿದ್ದಂತಿದ್ದಾನೆ. ಕಾಯಿಲೆ ಈಗಿನದು, ಹಾಗಾಗಿ ‘ಇಟ್ ಸೀಮ್ಸ್ ದಟ್ ಹಿ ಈಸ್ ಇಲ್’. ‘ಹಿ ಸೀಮ್ಸ್ ಟು ಹ್ಯಾವ್ ಬೀನ್ ಇಲ್’ ಎಂದರೆ ಕಾಯಿಲೆ ಆಗಿಹೋದದ್ದು. ‘ಹಿ ವಾಸ್ ಇಲ್’ ಎನ್ನಬಹುದು. ಮೇಲುನೋಟಕ್ಕೆ ಮೂರರಲ್ಲೂ ‘ಟು’. ಬಿಚ್ಚಿದ ಮೇಲೆ ಒಂದು ನಾಳೆ, ಒಂದು ಇವತ್ತು, ಒಂದು ನಿನ್ನೆ. ಉದ್ದ ಮಾಡುವುದು ಯಾಕೆ ಎಂದವಳಿಗೆ ಇದನ್ನೇ ತೋರಿಸಿದೆ. ನಾಕು ಪದದಲ್ಲಿ ಕಾಣದೆ ಇದ್ದದ್ದು ಆರು ಪದದಲ್ಲಿ ಕಾಣುತ್ತದೆ.

‘ಯಾವ’ ಎಂದು ಕೇಳಿದಾಗ

ಅಡ್ಜೆಕ್ಟಿವ್ ಕ್ಲಾಜ್ ಸುಲಭ ಎನ್ನುವವರುಂಟು. ‘ದ ಮ್ಯಾನ್ ಇನ್ ದ ವೈಟ್ ಶರ್ಟ್’, ಬಿಳಿ ಅಂಗಿಯ ಮನುಷ್ಯ, ಬಿಚ್ಚಿದರೆ ‘ದ ಮ್ಯಾನ್ ಹೂ ಈಸ್ ವೇರಿಂಗ್ ದ ವೈಟ್ ಶರ್ಟ್’. ವ್ಯಕ್ತಿಗೆ ಹೂ, ವಸ್ತುವಿಗೆ ವಿಚ್, ಜಾಗಕ್ಕೆ ವೇರ್. ಇಷ್ಟರಲ್ಲೇ ಮುಗಿದರೆ ಸುಲಭವೇ. ಮುಗಿಯುವುದಿಲ್ಲ.

ಕನ್ನಡದ ಮೂರು ಮಾತು ನೋಡಿ: ನಾನು ಬರೆದ ಪತ್ರ, ನಾನು ಬರೆದ ಪೆನ್ನು, ನಾನು ಬರೆದ ಕೋಣೆ. ಮೂರರಲ್ಲೂ ‘ಬರೆದ’ ಒಂದೇ. ಪತ್ರವನ್ನು ಬರೆದೆ, ಪೆನ್ನಿನಿಂದ ಬರೆದೆ, ಕೋಣೆಯಲ್ಲಿ ಕೂತು ಬರೆದೆ. ಆ ಅನ್ನು, ಇಂದ, ಅಲ್ಲಿ ಎಂಬ ವಿಭಕ್ತಿಗಳೆಲ್ಲ ಮಡಚುವಾಗ ಉದುರಿಹೋದವು, ಆದರೂ ಕೇಳುವವರಿಗೆ ಏನೂ ತೊಡಕಾಗಲಿಲ್ಲ. ಪೆನ್ನನ್ನು ಯಾರೂ ಬರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇಂಗ್ಲಿಷ್ ಇಷ್ಟು ನಂಬಿಕೆ ಇಡುವುದಿಲ್ಲ, ಉದುರಿದ್ದನ್ನು ಹೆಕ್ಕಿ ಕೈಗೆ ಕೊಡಬೇಕು: ‘ದ ಲೆಟರ್ ವಿಚ್ ಐ ರೋಟ್’, ‘ದ ಪೆನ್ ವಿತ್ ವಿಚ್ ಐ ರೋಟ್’, ‘ದ ರೂಮ್ ಇನ್ ವಿಚ್ ಐ ರೋಟ್’. ‘ದ ಪೆನ್ ವಿಚ್ ಐ ರೋಟ್’ ಎಂದು ಬರೆದವನು ದಡ್ಡನಲ್ಲ; ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿ, ಉದುರಿದ ವಿಭಕ್ತಿಯನ್ನು ಹುಡುಕುವುದು ಮರೆತಿದ್ದಾನೆ. ‘ಪೆನ್ನು ತಪ್ಪು, ವಿತ್ ಹಾಕು’ ಎಂದು ಕೆಂಪು ಗೆರೆ ಎಳೆಯುವುದಕ್ಕಿಂತ ‘ಪೆನ್ನನ್ನು ಬರೆದೆಯಾ, ಪೆನ್ನಿನಿಂದ ಬರೆದೆಯಾ?’ ಎಂದು ಒಂದು ಪ್ರಶ್ನೆ ಕೇಳಿದರೆ ಅವನೇ ತಿದ್ದಿಕೊಳ್ಳುತ್ತಾನೆ.

ಕಾಲದ ಕತೆ ಇಲ್ಲೂ ಉಂಟು. ‘ಬಂದ ಬಸ್ಸು’ ಹಿಂದಿನದು, ‘ಬರುವ ಬಸ್ಸು’ ಈಗಿನದೋ ಮುಂದಿನದೋ. ‘ಬಾರದ ಬಸ್ಸು’? ಬರಲಿಲ್ಲವೋ, ಬರುತ್ತಿಲ್ಲವೋ, ಬರುವುದೇ ಇಲ್ಲವೋ? ನಿಷೇಧದ ಕೃದಂತಕ್ಕೆ ಕನ್ನಡದಲ್ಲಿ ಕಾಲವೇ ಇಲ್ಲ. ಸ್ಟ್ಯಾಂಡಿನಲ್ಲಿ ಕಾಯುವವನಿಗೆ ಮೂರೂ ಒಂದೇ ಇರಬಹುದು, ಇಂಗ್ಲಿಷಿನಲ್ಲಿ ಬರೆಯುವವನು ಮಾತ್ರ ಒಂದನ್ನು ಆರಿಸಲೇಬೇಕು: ‘ದ ಬಸ್ ವಿಚ್ ಡಿಡ್ ನಾಟ್ ಕಮ್’ ಅಥವಾ ‘ದ ಬಸ್ ವಿಚ್ ಡಸ್ ನಾಟ್ ಕಮ್’.

ಇನ್ನೊಂದು ಅಲ್ಪವಿರಾಮದ ಮಾತು. ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಎಂದರೆ ನನಗೆ ಒಬ್ಬನೇ ಅಣ್ಣನೋ ಹಲವರೋ ಕನ್ನಡ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಬೇರೆ ಊರಿನಲ್ಲಿ ಇನ್ನೊಬ್ಬ ಇದ್ದಾನೆ ಎಂಬ ಸೂಚನೆ. ಕ್ಲಾಜಿನ ಎರಡೂ ಬದಿಗೆ ಅಲ್ಪವಿರಾಮ ಹಾಕಿದರೆ ಇರುವವನು ಒಬ್ಬನೇ, ಮೈಸೂರಿನ ಮಾತು ಬರೀ ಹೆಚ್ಚಿನ ಮಾಹಿತಿ. ಒಂದು ಚುಕ್ಕೆಬಾಲ ಒಬ್ಬ ಅಣ್ಣನನ್ನು ಹುಟ್ಟಿಸಬಲ್ಲದು, ಇಲ್ಲವಾಗಿಸಲೂಬಲ್ಲದು.

‘ಯಾವಾಗ, ಏಕೆ, ಹೇಗೆ’ ಎಂದು ಕೇಳಿದಾಗ

ಅಡ್ವರ್ಬ್ ಕ್ಲಾಜಿನ ಸಂಸಾರ ದೊಡ್ಡದು. ಕಾಲ, ಜಾಗ, ಕಾರಣ, ಉದ್ದೇಶ, ಪರಿಣಾಮ, ಷರತ್ತು, ವಿರೋಧ, ಹೋಲಿಕೆ ಎಲ್ಲ ಈ ಮನೆಯವೇ. ನಮ್ಮವರು ಇಲ್ಲಿ ಪದೇ ಪದೇ ಮಾಡುವ ತಪ್ಪು ಒಂದೇ ಬಗೆಯದು: ‘ಡಿಸ್ಪೈಟ್ ಹಿ ವಾಸ್ ಇಲ್’, ‘ಬಿಕಾಸ್ ಆಫ್ ಇಟ್ ರೇನ್ಡ್’. ಯಾಕೆ ಹೀಗಾಗುತ್ತದೆ?

‘ಮಳೆಯಿಂದ ಆಟ ನಿಂತಿತು.’ ‘ಮಳೆ ಬಂದದ್ದರಿಂದ ಆಟ ನಿಂತಿತು.’ ಎರಡಕ್ಕೂ ಒಂದೇ ‘ಇಂದ’. ‘ಊಟದ ನಂತರ’, ‘ಊಟ ಮಾಡಿದ ನಂತರ’. ಎರಡಕ್ಕೂ ಒಂದೇ ‘ನಂತರ’. ನಮ್ಮಲ್ಲಿ ಹೆಸರಿಗೂ ಕ್ರಿಯೆಗೂ ಒಂದೇ ಕೊಕ್ಕೆ ನಡೆಯುತ್ತದೆ, ಇಂಗ್ಲಿಷಿನಲ್ಲಿ ಬಹಳ ಕಡೆ ನಡೆಯುವುದಿಲ್ಲ. ಹೆಸರಿನ ಮುಂದೆ ‘ಬಿಕಾಸ್ ಆಫ್’, ಕರ್ತೃ-ಕ್ರಿಯಾಪದದ ಜೋಡಿಯ ಮುಂದೆ ಬರೀ ‘ಬಿಕಾಸ್’. ಹೆಸರಿಗೆ ‘ಡಿಸ್ಪೈಟ್’, ಜೋಡಿಗೆ ‘ದೋ’. ಹೆಸರಿಗೆ ‘ಡ್ಯೂರಿಂಗ್’, ಜೋಡಿಗೆ ‘ವೈಲ್’. ಆದ್ದರಿಂದ ‘ಡಿಸ್ಪೈಟ್ ಹಿಸ್ ಇಲ್‌ನೆಸ್’ ಎಂಬುದನ್ನು ಬಿಚ್ಚುವಾಗ ಕೊಕ್ಕೆಯನ್ನೂ ಬದಲಿಸಬೇಕು: ‘ದೋ ಹಿ ವಾಸ್ ಇಲ್’. ಆಫ್ಟರ್, ಬಿಫೋರ್, ಸಿನ್ಸ್, ಅನ್‌ಟಿಲ್ ಎಂಬಂಥ ಕೆಲವು ಮಾತ್ರ ನಮ್ಮ ‘ನಂತರ’ದ ಹಾಗೆ ಎರಡೂ ಕಡೆ ನಡೆಯುವಂಥವು.

ಮುಂದಿನ ಕೆಲಸದ ಮಾತಿನಲ್ಲಿ ಒಂದು ಸ್ವಾರಸ್ಯವಿದೆ. ‘ಅವನು ಬಂದ ಮೇಲೆ ಊಟ ಮಾಡೋಣ.’ ಅವನು ಇನ್ನೂ ಬಂದಿಲ್ಲ, ಆದರೂ ನಾವು ‘ಬಂದ’ ಎಂದು ಭೂತಕಾಲದ ರೂಪವನ್ನೇ ಬಳಸುತ್ತೇವೆ. ‘ಬರುವ ಮೇಲೆ’ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿಗೂ ಇಲ್ಲಿ ಭವಿಷ್ಯತ್ ಒಗ್ಗದು, ಅದು ವರ್ತಮಾನವನ್ನು ಬಳಸುತ್ತದೆ. ‘ಆನ್ ಹಿಸ್ ಅರೈವಲ್’ ಎಂಬುದು ‘ವೆನ್ ಹಿ ಅರೈವ್ಸ್’ ಆಗುತ್ತದೆ, ‘ವಿಲ್ ಅರೈವ್’ ಅಲ್ಲ. ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ‘ಬರುವ ಮೇಲೆ ಅಂತೀಯಾ?’ ಎಂದು ಕೇಳುವುದು ಮೇಲು. ಮಗು ನಗುತ್ತದೆ, ಮತ್ತೆ ಮರೆಯುವುದಿಲ್ಲ.

‘ಟೂ’ ಇರುವ ವಾಕ್ಯಗಳಲ್ಲಿ ಒಂದು ‘ಇಲ್ಲ’ ಅಡಗಿರುತ್ತದೆ. ‘ದ ಬಾಕ್ಸ್ ಈಸ್ ಟೂ ಹೆವಿ ಫಾರ್ ಮಿ ಟು ಲಿಫ್ಟ್’ ಎಂಬಲ್ಲಿ ನಕಾರ ಕಾಣುವುದಿಲ್ಲ. ‘ನಾನು ಎತ್ತಲಾರದಷ್ಟು ಭಾರ’ ಎನ್ನುವ ಕನ್ನಡದಲ್ಲಿ ಅದು ಎದ್ದು ಕಾಣುತ್ತದೆ. ಹಾಗಾಗಿ ಬಿಚ್ಚುವಾಗ ನಕಾರ ಹೊರಬರಲೇಬೇಕು: ‘ಸೋ ಹೆವಿ ದಟ್ ಐ ಕೆನಾಟ್ ಲಿಫ್ಟ್ ಇಟ್’. ಕೊನೆಯ ‘ಇಟ್’ ಗಮನಿಸಿ. ಇಲ್ಲಿ ಅದು ಬೇಕು. ‘ದ ಬಾಕ್ಸ್ ವಿಚ್ ಐ ಲಿಫ್ಟೆಡ್’ ಎಂಬ ಅಡ್ಜೆಕ್ಟಿವ್ ಕ್ಲಾಜಿನಲ್ಲಿ ಬೇಡ, ಅಲ್ಲಿ ‘ವಿಚ್’ ಆಗಲೇ ಆ ಜಾಗ ತುಂಬಿದೆ.

ಇನ್ನು ನಾಯಿಯ ಕತೆ. ‘ವಾಕಿಂಗ್ ಡೌನ್ ದ ರೋಡ್, ಎ ಡಾಗ್ ಬಿಟ್ ಮಿ.’ ಓದಿದವರಿಗೆ ಅರ್ಥವಾಗುತ್ತದೆ, ಆದರೆ ಬಿಚ್ಚಲು ಹೋಗಿ. ನಡೆಯುತ್ತಿದ್ದವರು ಯಾರು? ವಾಕ್ಯದ ಪ್ರಕಾರ ನಾಯಿ. ಬರೆದವನ ಮನಸ್ಸಿನಲ್ಲಿದ್ದದ್ದು ತಾನು. ‘ವೈಲ್ ಐ ವಾಸ್ ವಾಕಿಂಗ್’ ಎಂದು ಬಿಚ್ಚಿದ ಕೂಡಲೇ ತಪ್ಪು ಸಿಕ್ಕಿಬೀಳುತ್ತದೆ, ತಿದ್ದುಪಡಿಯೂ ಆಗಿಹೋಗುತ್ತದೆ. ಕನ್ನಡದಲ್ಲೂ ‘ರಸ್ತೆಯಲ್ಲಿ ನಡೆಯುತ್ತಾ ನಾಯಿ ನನ್ನನ್ನು ಕಚ್ಚಿತು’ ಎಂದರೆ ಕಿವಿಗೆ ಎಲ್ಲೋ ತಡೆಯುತ್ತದೆ. ‘ನಾನು ನಡೆಯುತ್ತಿದ್ದಾಗ’ ಎಂದೇ ಹೇಳುತ್ತೇವೆ. ಆದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಎರಡು ಕರ್ತೃ ಇದ್ದರೂ ಕನ್ನಡ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ‘ದ ರೇನ್ಸ್ ಹ್ಯಾವಿಂಗ್ ಕಮ್, ದ ಟ್ಯಾಂಕ್ ಫಿಲ್ಡ್’ ಎಂಬ ರಚನೆ ಇದೆ, ತುಸು ಹಳೆಯ ಪುಸ್ತಕದ ಗತ್ತು. ‘ಬಿಕಾಸ್’ ಹಾಕಿ ಬಿಚ್ಚಿದರೆ ಮಾತು ಸಲೀಸು.

ಒಂದೇ ತುಂಡು, ಮೂರು ವೇಷ

ಮಕ್ಕಳು ಸಾಮಾನ್ಯವಾಗಿ ಕೊಕ್ಕೆ ನೋಡಿ ಜಾತಿ ನಿರ್ಧರಿಸುತ್ತಾರೆ. ದಟ್ ಇದ್ದರೆ ನೌನ್, ಹೂ ಇದ್ದರೆ ಅಡ್ಜೆಕ್ಟಿವ್, ವೆನ್ ಇದ್ದರೆ ಅಡ್ವರ್ಬ್. ಗೈಡುಗಳಲ್ಲೂ ಇಂಥ ಪಟ್ಟಿ ಇರುತ್ತದೆ. ಈ ಪಟ್ಟಿಯನ್ನು ನಂಬಿದವರು ಕೆಡುವುದು ಇಲ್ಲೇ. ‘ವೆನ್ ಹಿ ಕೇಮ್’ ಎಂಬ ಒಂದೇ ತುಂಡನ್ನು ತೆಗೆದುಕೊಳ್ಳಿ.

‘ಐ ನೋ ವೆನ್ ಹಿ ಕೇಮ್.’ ‘ಐ ರಿಮೆಂಬರ್ ದ ಡೇ ವೆನ್ ಹಿ ಕೇಮ್.’ ‘ಐ ವಾಸ್ ಔಟ್ ವೆನ್ ಹಿ ಕೇಮ್.’

ಕನ್ನಡಕ್ಕೆ ತನ್ನಿ. ‘ಅವನು ಯಾವಾಗ ಬಂದ ಅಂತ ನನಗೆ ಗೊತ್ತು.’ ಏನು ಗೊತ್ತು? ಇದು ನಾಮ. ‘ಅವನು ಬಂದ ದಿನ ನೆನಪಿದೆ.’ ಯಾವ ದಿನ? ಇದು ವಿಶೇಷಣ. ‘ಅವನು ಬಂದಾಗ ನಾನು ಹೊರಗಿದ್ದೆ.’ ಯಾವಾಗ ಹೊರಗಿದ್ದೆ? ಇದು ಕ್ರಿಯಾವಿಶೇಷಣ. ಬಂದ ಅಂತ, ಬಂದ, ಬಂದಾಗ: ಕನ್ನಡ ಪ್ರತಿ ಉದ್ಯೋಗಕ್ಕೂ ಬೇರೆ ಸಮವಸ್ತ್ರ ತೊಡಿಸುತ್ತದೆ. ಇಂಗ್ಲಿಷ್ ಮೂವರಿಗೂ ಒಂದೇ ಅಂಗಿ ಹಾಕಿ ಬೇರೆ ಬೇರೆ ಕುರ್ಚಿಯಲ್ಲಿ ಕೂರಿಸುತ್ತದೆ. ಅಂಗಿ ನೋಡಿದರೆ ತಿಳಿಯದು, ಕುರ್ಚಿ ನೋಡಬೇಕು. ಅನುಮಾನ ಬಂದಲ್ಲೆಲ್ಲ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡರೆ ಸಮವಸ್ತ್ರ ತಾನೇ ಕಾಣುತ್ತದೆ. ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಇಷ್ಟು ಒಳ್ಳೆಯ ಸಹಾಯಕ ಮತ್ತೊಬ್ಬರಿಲ್ಲ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಿದರೆ ದಂಡ ಎಂಬ ಕಟ್ಟಳೆ ಇಡುವವರು ಆ ಸಹಾಯಕನನ್ನೇ ಬಾಗಿಲಾಚೆ ನಿಲ್ಲಿಸುತ್ತಿದ್ದಾರೆ.

ಪರೀಕ್ಷೆಯ ಆಚೆಗೆ

ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಪ್ರಯೋಜನ? ಒಂದು ಕಚೇರಿಯ ಗೋಡೆಯ ಮೇಲೆ ಅಂಟಿಸಿದ್ದ ಸೂಚನೆ ನೆನಪಾಗುತ್ತದೆ: ‘ಇನ್ ದ ಈವೆಂಟ್ ಆಫ್ ನಾನ್-ಸಬ್‌ಮಿಷನ್ ಆಫ್ ಡಾಕ್ಯುಮೆಂಟ್ಸ್, ದ ಅಪ್ಲಿಕೇಷನ್ ವಿಲ್ ಬಿ ರಿಜೆಕ್ಟೆಡ್.’ ಪಕ್ಕದಲ್ಲೇ ಕನ್ನಡದಲ್ಲಿ, ‘ದಾಖಲೆ ಸಲ್ಲಿಸದಿದ್ದಲ್ಲಿ ಅರ್ಜಿ ತಿರಸ್ಕರಿಸಲಾಗುವುದು.’ ಎರಡೂ ಚೆನ್ನಾಗಿ ಮಡಚಿದ ಮಾತು. ದಾಖಲೆ ಸಲ್ಲಿಸಬೇಕಾದವರು ಯಾರು, ಅರ್ಜಿದಾರರೋ, ಅವರ ದಾಖಲೆಯನ್ನು ಮುಂದಕ್ಕೆ ಕಳಿಸಬೇಕಾದ ಗುಮಾಸ್ತರೋ? ಯಾವಾಗಿನೊಳಗೆ? ತಿರಸ್ಕರಿಸುವವರು ಯಾರು? ಮಡಿಕೆಯೊಳಗೆ ಎಲ್ಲವೂ ಅಡಗಿದೆ. ‘ನೀವು ಈ ತಿಂಗಳ ಕೊನೆಯೊಳಗೆ ದಾಖಲೆ ಕೊಡದಿದ್ದರೆ ನಾವು ನಿಮ್ಮ ಅರ್ಜಿಯನ್ನು ತಿರಸ್ಕರಿಸುತ್ತೇವೆ’ ಎಂದು ಬಿಚ್ಚಿ ಬರೆಯಲಿ. ಜನಕ್ಕೆ ಅರ್ಥವಾಗುತ್ತದೆ, ಬರೆದವರಿಗೂ ಹೊಣೆ ಅಂಟಿಕೊಳ್ಳುತ್ತದೆ. ಸಾಲದ ಪತ್ರ, ಬಾಡಿಗೆ ಕರಾರು, ವಿಮೆಯ ಷರತ್ತು ಎಲ್ಲವೂ ಮಡಚಿದ ಇಂಗ್ಲಿಷಿನಲ್ಲೇ ಬರುತ್ತವೆ. ಸಹಿ ಹಾಕುವ ಮುನ್ನ ಪ್ರತಿ ಮಡಿಕೆಗೂ ‘ಯಾರು, ಯಾವಾಗ’ ಎಂದು ಕೇಳಬಲ್ಲವರು ಮೋಸ ಹೋಗುವುದು ಕಡಿಮೆ.

ಹಾಗೆಂದು ಎಲ್ಲವನ್ನೂ ಬಿಚ್ಚಿಟ್ಟುಕೊಂಡು ಬರೆಯಬೇಕಿಲ್ಲ. ‘ಬೊಗಳುವ ನಾಯಿ’ಯ ಅಂದ ಅದರ ಗಿಡ್ಡತನದಲ್ಲಿದೆ. ‘ಆಫ್ಟರ್ ಲಂಚ್’ ಎಂದರೆ ಸಾಕಾಗುವ ಕಡೆ ‘ಆಫ್ಟರ್ ವಿ ಹ್ಯಾಡ್ ಈಟನ್ ಅವರ್ ಲಂಚ್’ ಎನ್ನುವುದು ಜಂಬ. ಯಾರು, ಯಾವಾಗ ಎಂಬುದು ಮೊದಲೇ ಸ್ಪಷ್ಟವಿದ್ದರೆ ಮಡಚಿ ಹೇಳಿ, ಮಂಕಾಗಿದ್ದರೆ ಬಿಚ್ಚಿ ಹೇಳಿ. ಎರಡೂ ಬರುವವನಿಗೆ ಆರಿಸುವ ಸ್ವಾತಂತ್ರ್ಯ ಇರುತ್ತದೆ.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಸಂಜೆ ಮಕ್ಕಳ ಪಕ್ಕ ಕೂರುವ ತಂದೆತಾಯಿಯರಲ್ಲಿ ಒಂದು ಕೋರಿಕೆ. ದಟ್, ವಿಚ್, ವೆನ್‌ಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಮೂರು ಕನ್ನಡ ಪ್ರಶ್ನೆ ಬರೆಯಿರಿ: ಏನು? ಯಾವ? ಯಾವಾಗ-ಏಕೆ-ಹೇಗೆ? ಅದರ ಕೆಳಗೆ ಇನ್ನೆರಡು: ಯಾರು ಮಾಡಿದ್ದು? ಎಂದು? ಈ ಪ್ರಶ್ನೆಗಳಿಗೆ ಉತ್ತರಿಸಲು ಯಾವ ಮಗುವಿಗೂ ಗೈಡ್ ಬೇಕಾಗುವುದಿಲ್ಲ. ಕೊಕ್ಕೆಗಳ ಪಟ್ಟಿ ಆಮೇಲೆ ಬರಲಿ.